ಇಂಜಿನ್ ನಂಬರಿನ ಮೇಲಿನ ಮೂರು ಗೆರೆ

ಹಳೆಯ ಇಂಗ್ಲೆಂಡ್ ಬೈಕು ಕೊಳ್ಳಲು ಹೋದಾಗ ಮೊದಲು ನೋಡಬೇಕಾದದ್ದು ಟ್ಯಾಂಕಲ್ಲ, ಸೀಟಲ್ಲ, ಶಬ್ದವೂ ಅಲ್ಲ. ಇಂಜಿನ್ ನಂಬರಿನ ಸುತ್ತ ಇರುವ ಲೋಹ. ನಂಬರನ್ನು ಆಮೇಲೆ ಓದಿದರಾಯಿತು, ಮೊದಲು ಅದರ ಸುತ್ತ ಹೆಬ್ಬೆರಳು ಆಡಿಸಬೇಕು. ಅಚ್ಚಿನಲ್ಲಿ ಎರಕ ಹೊಯ್ದ ಅಲ್ಯೂಮಿನಿಯಂ ಬೆರಳಿಗೆ ಸಣ್ಣ ರವೆಯ ಹಾಗೆ ತರಿತರಿಯಾಗಿ ಸಿಗುತ್ತದೆ. ನಂಬರು ಇರುವ ಕಡೆ ಮಾತ್ರ ನುಣ್ಣಗಿದ್ದರೆ, ಉಳಿದ ಕಡೆಗಿಂತ ಹೆಚ್ಚು ಹೊಳೆಯುತ್ತಿದ್ದರೆ, ಯಾರೋ ಹಳೆ ನಂಬರನ್ನು ಉಜ್ಜಿ ತೆಗೆದು ಹೊಸದು ಹೊಡೆದಿದ್ದಾರೆ ಎಂದೇ ಅರ್ಥ. ಕದ್ದ ಗಾಡಿ ಇರಬಹುದು, ಗುಜರಿಯಿಂದ ತಂದು ಕೂರಿಸಿದ ಇಂಜಿನ್ ಇರಬಹುದು. ಅಂಥ ಕಡೆ ಟೀ ಕೊಟ್ಟರೆ ಕುಡಿದು, ನಮಸ್ಕಾರ ಹೇಳಿ, ಎದ್ದು ಬಂದುಬಿಡಬೇಕು.

ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಶಿವಮೊಗ್ಗದಲ್ಲಿ ಇಂಥ ವಿದ್ಯೆ ಹೇಳಿಕೊಡುವವರು ನನಗಂತೂ ಸಿಗಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದು ಇಂಗ್ಲಿಷ್ ರಿಪೇರಿ ಪುಸ್ತಕದ ಜೆರಾಕ್ಸು, ಅದರಲ್ಲೂ ಚಿತ್ರಗಳಿದ್ದ ಪುಟಗಳೆಲ್ಲ ಕಾಡಿಗೆ ಬಳಿದ ಹಾಗೆ ಕಪ್ಪು. ಅದರ ಜೊತೆಗೆ ಬಸ್ ಸ್ಟ್ಯಾಂಡ್ ಹಿಂದಿನ ಒಂದು ಗ್ಯಾರೇಜಿನಲ್ಲಿ ಕಳೆದ ಭಾನುವಾರಗಳು. ಮಿಕ್ಕದ್ದೆಲ್ಲ ಹುಚ್ಚು. ಹಗಲು ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸ, ಜೇಬಿನಲ್ಲಿ ಸದಾ ಒಂದು ಸಣ್ಣ ಅಯಸ್ಕಾಂತ. ಗಾಡಿಯ ಟ್ಯಾಂಕಿಗೆ ಹಿಡಿದರೆ, ತಗಡಿರುವಲ್ಲಿ ಅಂಟುತ್ತದೆ, ತೂತು ಮುಚ್ಚಲು ಪುಟ್ಟಿ ಮೆತ್ತಿ ಬಣ್ಣ ಹೊಡೆದಿರುವಲ್ಲಿ ಜಾರಿ ಬೀಳುತ್ತದೆ. ವಿದ್ಯಾನಗರದ ನಮ್ಮ ಮನೆಯಲ್ಲಿ ಅಮ್ಮ ಹೊಸ ಪಾತ್ರೆ ತಂದರೂ ನಾನು ಅದಕ್ಕೆ ಅಯಸ್ಕಾಂತ ಹಿಡಿದು ನೋಡುತ್ತಿದ್ದೆ. "ನಿಂಗೆ ಹೆಣ್ಣು ಕೊಡೋರು ಏನ್ ಹಿಡ್ದು ನೋಡ್ಬೇಕೋ" ಎಂದು ಅಮ್ಮ ಬೈಯುತ್ತಿದ್ದಳು.

ಬೆಂಗಳೂರಿನಲ್ಲಿ ಹಳೆಯ ಬೈಕುಗಳನ್ನು ಕೂಡಿಡುವವರ ಒಂದು ಗುಂಪು ಇತ್ತು. ವರ್ಷಕ್ಕೊಮ್ಮೆ ಅವರು ಗಾಡಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಒಮ್ಮೆ ಹೋಗಿ ನೋಡಿ ಬಂದಿದ್ದೆ. ಅಲ್ಲಿ ಹಿರಿಯರೊಬ್ಬರು ಕನ್ನಡಕ ಏರಿಸಿ, ಬಗ್ಗಿ, ಹೆಬ್ಬೆರಳು ಆಡಿಸಿ, "ಒರಿಜಿನಲ್" ಎಂದರೆ ಮುಗಿಯಿತು, ಆ ಗಾಡಿಯವನ ಮುಖದಲ್ಲಿ ಮದುವೆ ಕಳೆ. ನನ್ನದೂ ಒಂದು ಗಾಡಿ ಆ ಸಾಲಿನಲ್ಲಿ ನಿಲ್ಲಬೇಕು, ಅವರ ಬಾಯಲ್ಲಿ ಆ ಒಂದು ಮಾತು ಬರಬೇಕು. ಆಗ ನನ್ನ ಜೀವ ಇದ್ದದ್ದೇ ಅದರ ಮೇಲೆ.

"ಭದ್ರಾವತೀಲಿ ಒಂದು ಹೆಣ್ಣು ನೋಡಿದೀನಿ ನಿಂಗೆ" ಎಂದ ಗ್ಯಾರೇಜಿನ ಭಾಯ್ ಒಂದು ದಿನ, ಕೈಯ ಗ್ರೀಸು ಒರೆಸಿಕೊಳ್ಳುತ್ತಾ. "ವಯಸ್ಸು ಸ್ವಲ್ಪ ಜಾಸ್ತಿ. ತವರು ಇಂಗ್ಲೆಂಡು."

"ಓಡುತ್ತಾ?"

"ಯಜಮಾನ ಹೋದ್ಮೇಲೆ ಯಾರೂ ಮುಟ್ಟಿಲ್ವಂತೆ. ಮರ್ಯಾದೆಯಿಂದ ಮಾತಾಡ್ಸು ಮಾರಾಯ, ಆ ಮ್ಯಾಗ್ನೆಟ್ಟು ಪಗ್ನೆಟ್ಟು ಮೊದ್ಲೇ ತೆಗೀಬೇಡ."

ಫ್ಯಾಕ್ಟರಿಯ ಕ್ವಾರ್ಟರ್ಸು. ಒಂದೇ ಥರದ ಮನೆಗಳ ಸಾಲು, ಒಂದೇ ಥರದ ಗೇಟು, ಗಾಳಿ ತಿರುಗಿದರೆ ಪೇಪರ್ ಮಿಲ್ಲಿನ ಹುಳಿ ವಾಸನೆ. ಆ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಗಾಡಿ ಇತ್ತು. ಮೇಲೆ ಹೊದಿಸಿದ್ದು ಟಾರ್ಪಾಲಲ್ಲ, ಹಾಸಿಗೆಗೆ ಹಾಕುವ ಹೂವಿನ ಚಾದರ. ಒಗೆದು ನೀಲಿ ಹಾಕಿದ ಚಾದರ. ಸತ್ತವರ ಹೆಂಡತಿ ಅದನ್ನು ಎರಡೂ ಕೈಯಿಂದ ತೆಗೆದು ಮಡಿಸಿದರು, ಮಲಗಿದವರ ಹೊದಿಕೆ ತೆಗೆದ ಹಾಗೆ. ಐವತ್ತರ ಆಚೀಚೆಯ ಹೆಂಗಸು. ತಮಿಳು ಮನೆಮಾತು, ಹಣೆಯಲ್ಲಿ ತೆಳ್ಳಗೆ ವಿಭೂತಿ.

"ನೋಡಿ ತಂಬಿ. ನಿಧಾನ ನೋಡಿ. ನಮ್ಮನೆಯವರಿಗೆ ಅವಸರ ಮಾಡೋರು ಆಗಲ್ಲ" ಎಂದರು. 'ಆಗ್ತಿರಲಿಲ್ಲ' ಎನ್ನಲಿಲ್ಲ.

ಮುನ್ನೂರೈವತ್ತು ಸಿಸಿ, ಒಂಟಿ ಸಿಲಿಂಡರು, ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ್ದು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಅಯಸ್ಕಾಂತ ಟ್ಯಾಂಕಿನ ಉದ್ದಕ್ಕೂ ಎಲ್ಲೂ ಜಾರಲಿಲ್ಲ. ಕಿಕ್ಕರನ್ನು ಕೈಯಲ್ಲಿ ಒತ್ತಿದರೆ ಅರ್ಧದಲ್ಲಿ ಗಟ್ಟಿಯಾಗಿ ನಿಂತಿತು, ಒಳಗೆ ಗಾಳಿ ಹಿಡಿಯುತ್ತಿದೆ, ಪಿಸ್ಟನ್ನು ಬದುಕಿದೆ. ಹ್ಯಾಂಡಲಿನ ಕೆಳಗೆ ಕತ್ತಿನ ಹತ್ತಿರ ಕೊರೆದಿದ್ದ ಫ್ರೇಮ್ ನಂಬರು ಆರ್‌ಸಿ ಬುಕ್ಕಿನ ನಂಬರಿಗೆ ಸರಿಯಾಗಿ ತಾಳೆಯಾಯಿತು. ಇನ್ನು ಉಳಿದದ್ದು ಇಂಜಿನ್ ನಂಬರು. ಎಡಗಡೆ, ಸಿಲಿಂಡರಿನ ಬುಡದಲ್ಲಿ ಅದಕ್ಕೊಂದು ಚಪ್ಪಟೆ ಜಾಗ ಇರುತ್ತದೆ. ನಾನು ಅಲ್ಲಿ ಮಂಡಿಯೂರಿ ಕೂತೆ.

ನಂಬರು ಕಾಣಲಿಲ್ಲ. ಆ ಜಾಗದ ಮೇಲೆ ವಿಭೂತಿ. ಎಷ್ಟೋ ವರ್ಷಗಳ ವಿಭೂತಿ, ಒಂದರ ಮೇಲೊಂದು ಒಣಗಿ ಸುಣ್ಣದ ಗಾರೆಯಂತೆ ಗಟ್ಟಿಯಾಗಿತ್ತು. ಮೇಲಿನ ಪದರದಲ್ಲಿ ಮೂರು ಬೆರಳು ಎಳೆದ ಗುರುತು. ಬೆರಳಿನ ಚರ್ಮದ ಸಣ್ಣ ಸಣ್ಣ ಗೆರೆಗಳೂ ಅದರಲ್ಲಿ ಅಚ್ಚಾಗಿದ್ದವು. ಮೇಲಿನ ಎರಡು ಪಟ್ಟೆ ಉದ್ದ. ಮೂರನೆಯದು ಅರ್ಧಕ್ಕೇ ನಿಂತಿತ್ತು.

ನಾನು ಜೇಬಿನಿಂದ ಸೀಮೆಎಣ್ಣೆ ಬಟ್ಟೆ ತೆಗೆದೆ.

"ತಂಬಿ, ಅದನ್ನ ಮುಟ್ಬೇಡಿ."

ದನಿ ಏರಿಸಿರಲಿಲ್ಲ. ಆದರೂ ನನ್ನ ಕೈ ಅಲ್ಲೇ ನಿಂತಿತು.

"ಅದು ಅವರು ಕಡೇ ಸಲ ಮಾಡಿದ ಆಯುಧಪೂಜೆದು. ಪೂಜೆ ಮುಗ್ದು ಹದಿನೈದು ದಿನ ಆಗಿರ್ಲಿಲ್ಲ, ಎದೆನೋವು ಅಂದ್ರು. ಆಸ್ಪತ್ರೆಗೆ ಹೋದ್ರು, ಬರ್ಲಿಲ್ಲ. ಪ್ರತಿವರ್ಷ ಅಲ್ಲೇ ಹಚ್ತಾರೆ. ನಾನು ಕೇಳಿದೀನಿ, ಟ್ಯಾಂಕಿಗೆ ಹಚ್ಚೋದ್ ಬಿಟ್ಟು ಅಲ್ಲಿ ಮೂಲೇಲಿ ಯಾಕ್ರೀ ಅಂತ. ಗಾಡಿಗೆ ಹಣೆ ಅಂದ್ರೆ ಅದೇ ಕಣೇ, ಹಣೆಬರಹ ಬರೆದಿರೋದು ಅಲ್ಲೇ ಅಂತಾರೆ."

"ಮೂರನೇದು ಯಾಕೆ ಅರ್ಧ?"

ಅವರು ನಕ್ಕರು. "ಬೆರಳೇ ಅರ್ಧ ತಂಬಿ. ಈ ಗಾಡಿನೇ ತಿಂದಿದ್ದು. ಚೈನಿಗೆ ಎಣ್ಣೆ ಬಿಡ್ತಾ ಚಕ್ರ ತಿರುಗಿಸ್ತಿದ್ರು, ಬೆರಳು ಹಲ್ಲಿಗೆ ಸಿಕ್ತು. ಈ ಶನಿ ಮಾರ್ಬಿಡಿ ಅಂತ ಅತ್ತೆ. ಬೆರಳು ಕೊಟ್ಟು ತಗೊಂಡಿರೋದು, ಹೆಂಗೆ ಮಾರೋದು ಅಂದ್ರು."

ಕ್ವಾರ್ಟರ್ಸು ಖಾಲಿ ಮಾಡುವ ಹೊತ್ತು ಬಂದಿತ್ತು. ಅವರು ಹೊಳೆಹೊನ್ನೂರಿನ ತಂಗಿಯ ಮನೆಗೆ ಹೋಗುವವರಿದ್ದರು. ದಿನಸಿ ಅಂಗಡಿಯ ಹಿಂದಿನ ಎರಡು ಕೋಣೆ, ಗಾಡಿ ನಿಲ್ಲಿಸಲು ಜಾಗವಿಲ್ಲ. ಅದಕ್ಕೇ ಮಾರಾಟ. ಬೆಂಗಳೂರಿನಿಂದ ಯಾರೋ ವ್ಯಾಪಾರಿಯೊಬ್ಬರು ಮೊದಲೇ ಬಂದು ನೋಡಿ ಹೋಗಿದ್ದರಂತೆ. "ನಂಬರ್ ಕಾಣ್ದೆ ತಗೊಳಲ್ಲ ಅಂದ್ರು. ಹಾಗಾದ್ರೆ ಬೇಡ ಅಂದೆ. ನೋಡಿ ತಂಬಿ, ಮನೇಲಿ ಅವರದ್ದು ಬಟ್ಟೆ ಕೊಟ್ಟಾಯ್ತು, ಚಪ್ಪಲಿ ಕೊಟ್ಟಾಯ್ತು. ಫೋಟೋದಲ್ಲಿ ಇರೋದು ಮುಖ, ಕೈ ಬಂದಿಲ್ಲ. ಕೈ ಇರೋದು ಇದೊಂದೇ. ಗಾಡಿ ಹೋಗ್ಲಿ, ಆದ್ರೆ ಇದನ್ನ ಒರೆಸ್ದೇ ಇಟ್ಕೊಳ್ಳೋರಿಗೇ ಕೊಡೋದು. ಆಯುಧಪೂಜೆಗೆ ನಾನು ಬಂದು ನೋಡ್ತೀನಿ."

ನಾನು ಹೊರಗೆ ಬಂದು ಭಾಯ್‌ನ ಮುಖ ನೋಡಿದೆ.

"ಹಣೆ ನೋಡ್ದೆ ತಾಳಿ ಕಟ್ತೀಯಾ?" ಎಂದ ಅವನು ಮೆಲ್ಲಗೆ. "ಅಡಿಯಲ್ಲಿ ಬೇರೆ ನಂಬರ್ ಇದ್ರೆ ಗುಜರಿ ರೇಟು. ನಿನ್ ಬೆಂಗಳೂರಿನೋರು ಹತ್ರ ಸೇರ್ಸಲ್ಲ."

ಅವನು ಹೇಳಿದ್ದು ಸರಿ. ನನ್ನದೇ ಮೊದಲ ಪಾಠ ಅದು. ಆದರೂ ಆ ಅರ್ಧ ಗೆರೆ ನೋಡಿದ ಮೇಲೆ ಎದ್ದು ಬರಲು ಆಗಲಿಲ್ಲ. ಒಳಗೆ ಹೋಗಿ "ಒರೆಸಲ್ಲ ಅಮ್ಮಾ" ಎಂದೆ. ದಿನಾ ಓಡಾಡುತ್ತಿದ್ದ ನನ್ನ ಗಾಡಿಯನ್ನು ಮಾರಿ ಆ ದುಡ್ಡು ತಂದುಕೊಟ್ಟೆ.

ತರಲು ಹೋದ ದಿನ ಭಾಯ್ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಹೊಸ ಪೆಟ್ರೋಲು ಹಾಕಿ, ಪ್ಲಗ್ಗು ಉಜ್ಜಿ, ಒದ್ದ. ಒದ್ದು ಒದ್ದು ಸುಸ್ತಾಗಿ "ನಿನ್ ಹೆಂಡ್ತಿ ಮುನಿಸ್ಕೊಂಡಿದಾಳೆ, ನೀನೇ ಒಲಿಸ್ಕೋ" ಎಂದು ಬಿಟ್ಟ. ನಾನು ಹತ್ತಿ ಕೂತೆ. ಎಡಗಡೆಯ ಕನ್ನಡಿಯಲ್ಲಿ ನನ್ನ ಕತ್ತು, ಎದೆ ಕಂಡವು, ತಲೆ ಕಾಣಲಿಲ್ಲ. ಯಜಮಾನರು ನನಗಿಂತ ಕುಳ್ಳಗಿದ್ದಿರಬೇಕು. ಕನ್ನಡಿ ತಿರುಗಿಸಲು ಕೈ ಎತ್ತಿದವನು ಯಾಕೋ ತಿರುಗಿಸಲಿಲ್ಲ. ಒದ್ದೆ. ಫ್ಯಾಕ್ಟರಿಯ ಎರಡು ಗಂಟೆಯ ಸೈರನ್ನು ಕೂಗಿದ್ದಕ್ಕೂ ಇಂಜಿನ್ನು ಹತ್ತಿದ್ದಕ್ಕೂ ಸರಿಹೋಯಿತು.

ಶಬ್ದ ಆ ಸಾಲುಮನೆಗಳ ಗೋಡೆಗೆ ಬಡಿದು ವಾಪಸು ಬಂತು. ಡಗ್, ಡಗ್, ಡಗ್, ನಡುವೆ ಇನ್ನೊಂದು ಬರುತ್ತದೋ ಇಲ್ಲವೋ ಎಂಬಷ್ಟು ಬಿಡುವು. ಎದುರು ಮನೆಯ ಬಾಗಿಲು ತೆರೆಯಿತು. ಅದರ ಪಕ್ಕದ ಮನೆಯದೂ. ಹೆಂಗಸರು ಹೊರಗೆ ಬಂದು, ನನ್ನನ್ನು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ನಿಂತರು. ಆಗ ಒಳಗಿನಿಂದ ಸ್ಟವ್ವಿಗೆ ಗಾಳಿ ಹೊಡೆಯುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅದು ತಟಕ್ಕನೆ ನಿಂತಿತು. ಅವರು ಬಾಗಿಲಿಗೆ ಬಂದರು. ಕೈಯಲ್ಲಿ ಬೆಂಕಿಪೊಟ್ಟಣ.

"ಸಾಂಬಾರು ಬಿಸಿಗಿಡೋಣ ಅಂತ…" ಎಂದವರು ಅಲ್ಲಿಗೇ ನಿಲ್ಲಿಸಿದರು. "ಫಸ್ಟ್ ಶಿಫ್ಟ್ ಬಿಡೋ ಹೊತ್ತು ಅಲ್ವಾ. ಅಭ್ಯಾಸ."

ಭಾಯ್ ಕೈ ಚಾಚಿ ಇಂಜಿನ್ನು ಆರಿಸಿದ.

ಗಾಡಿಯನ್ನು ಟೆಂಪೋದಲ್ಲಿ ಹಾಕಿ ಮನೆಗೆ ತಂದು ಗೇಟಿನ ಒಳಗೆ ನಿಲ್ಲಿಸಿದೆವು. ಯಾರದು ಎಂದು ಅಮ್ಮ ಕೇಳಿದ್ದಕ್ಕೆ "ಭದ್ರಾವತಿಯವರದ್ದು" ಎಂದಷ್ಟೇ ಹೇಳಿದ್ದೆ. ನಮ್ಮದು ಪೌರೋಹಿತ್ಯದ ಮನೆತನ. ಅಪ್ಪ ಮೇಷ್ಟ್ರಾಗಿದ್ದರೂ ಅಮ್ಮನ ಮಡಿ ಅಜ್ಜನ ಕಾಲದ್ದೇ. ಮರುದಿನ ನಾನು ಅಂಗಡಿಗೆ ಹೋದಾಗ ಟೆಂಪೋದವನು ಹಗ್ಗ ಮರೆತೆ ಎಂದು ಮನೆಗೆ ಬಂದಿದ್ದಾನೆ, ಬಂದವನು ಸುಮ್ಮನೆ ಹೋಗದೆ ಗಾಡಿಯ ಯಜಮಾನ ಸತ್ತಿದ್ದನ್ನು ಹೇಳಿದ್ದಾನೆ.

ಸಂಜೆ ಬಂದಾಗ ಅಂಗಳವೆಲ್ಲ ಒದ್ದೆ. ಗಾಡಿಯ ಹ್ಯಾಂಡಲಿಗೆ ಮಾವಿನೆಲೆ, ಟೈರಿನ ಕೆಳಗೆ ಅರಿಶಿನ ನೀರು ಹರಿದ ಜಾಡು. ಪಕ್ಕದಲ್ಲಿ ಹುಣಸೆಹಣ್ಣಿನ ಚರಟ, ತೆಂಗಿನ ನಾರು. ದೇವರ ಮನೆಯ ಹಿತ್ತಾಳೆಯನ್ನು ಹೇಗೆ ಬೆಳಗುತ್ತಾಳೋ ಹಾಗೆ ಅಮ್ಮ ಇಂಜಿನ್ನನ್ನು ಬೆಳಗಿದ್ದಳು.

"ಸತ್ತೋರ ಗಾಡಿ ಶುದ್ಧಿ ಮಾಡ್ದೆ ಗೇಟೊಳಗೆ ನಿಲ್ಸಿದೀಯಲ್ಲೋ! ಏನೋ ಬೂದಿ ಬೇರೆ ಮೆತ್ಕೊಂಡಿತ್ತು. ಎಲ್ಲಾ ಹೋಯ್ತು ನೋಡು."

ನಾನು ಬ್ಯಾಗು ಅಲ್ಲೇ ಬಿಟ್ಟು ಮಂಡಿಯೂರಿದೆ. ಮೂರು ಗೆರೆಯೂ ಇರಲಿಲ್ಲ. ಅದರ ಜಾಗದಲ್ಲಿ ನಂಬರು. ಒಂದೊಂದು ಅಂಕಿಯೂ ಸ್ಪಷ್ಟ. ಕೈಯಿಂದ ಪಂಚ್ ಹೊಡೆದದ್ದರಿಂದ ಒಂದು ಅಕ್ಷರ ಸ್ವಲ್ಪ ಓರೆ. ಸುತ್ತ ಹೆಬ್ಬೆರಳು ಆಡಿಸಿದೆ, ರವೆ ರವೆ ತರಿ ಹಾಗೇ ಇದೆ. ಆರ್‌ಸಿ ಬುಕ್ಕು ತಂದು ಹಿಡಿದೆ. ತಾಳೆಯಾಯಿತು. ಒರಿಜಿನಲ್.

ಆಗ ಆದದ್ದು ಖುಷಿಯೋ ಸಂಕಟವೋ ನನಗೆ ಇವತ್ತಿಗೂ ಬಿಡಿಸಿ ಹೇಳಲು ಬರುವುದಿಲ್ಲ. ಅಮ್ಮನಿಗೆ ಆ ಹೆಂಗಸಿನ ಮಾತನ್ನೆಲ್ಲ ಹೇಳಿದೆ. ಅವಳು ನಿಂತಲ್ಲೇ ಕೂತುಬಿಟ್ಟಳು. "ಮೊದ್ಲೇ ಹೇಳೋಕೇನಾಗಿತ್ತೋ ನಿಂಗೆ? ಬೂದಿ ಅಂದ್ಕೊಂಡೆ ಕಣೋ, ಬೂದಿ" ಎಂದಳು. ಆ ರಾತ್ರಿ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಬೆಳಿಗ್ಗೆ ಅಮ್ಮ ರಂಗೋಲಿ ಹಾಕಲು ಹೋದವಳು ನನ್ನನ್ನು ಕೂಗಿದಳು. ಹೆದರಿದ ಕೂಗು.

ಗಾಡಿ ಒಣಗಿತ್ತು. ನಂಬರಿನ ಮೇಲೆ ಮೂರು ಪಟ್ಟೆಗಳಿದ್ದವು. ಎರಡು ಉದ್ದ, ಒಂದು ಅರ್ಧ.

ವಿಭೂತಿಯಲ್ಲ. ಬೆರಳಿಟ್ಟು ನೋಡಿದೆ, ಏನೂ ಹತ್ತಲಿಲ್ಲ. ಲೋಹವೇ ಅಷ್ಟಗಲ ಮಂಕಾಗಿ ಬೆಳ್ಳಗಾಗಿತ್ತು. ಪಂಪ್‌ಸೆಟ್ ಅಂಗಡಿಯವನು ನಾನು, ಕಾರಣ ಹೊಳೆಯಿತು. ಬೂದಿಯಲ್ಲಿ ಕ್ಷಾರ ಇರುತ್ತದೆ, ತೇವ ಸೇರಿದರೆ ಅಲ್ಯೂಮಿನಿಯಂ ತಿನ್ನುತ್ತದೆ. ಪ್ರತಿವರ್ಷ ಅದೇ ಜಾಗಕ್ಕೆ ಅದೇ ಬೆರಳು ಎಳೆದೆಳೆದು ಕಲೆ ಲೋಹದೊಳಗೇ ಇಳಿದಿದೆ. ಒದ್ದೆಯಾದರೆ ಮರೆಯಾಗುತ್ತದೆ, ಒಣಗಿದರೆ ಏಳುತ್ತದೆ. ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಕೇಳಿಸಿಕೊಂಡು, "ಸರಿ. ಆದ್ರೆ ಹೋಗಿಲ್ಲ ಕಣೋ ಅವ್ರು" ಎಂದಳು.

ಹೆದರಿಕೆ ತಡೆಯಲಾಗದೆ ಅಮ್ಮ ಮತ್ತೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಬಿಸಿಲು ಬಿದ್ದ ಮೇಲೆ ಗೆರೆಗಳು ಮತ್ತೆ ಎದ್ದವು. ಅಲ್ಲಿಂದ ಮುಂದೆ ಅವಳು ಆ ಕಡೆಯಿಂದ ಹೋಗಲಿಲ್ಲ, ಹೂ ಕೀಳಲು ಕಾಂಪೌಂಡನ್ನು ಸುತ್ತು ಹಾಕಿ ಹೋಗುತ್ತಿದ್ದಳು. ನಾನು ಅವಳನ್ನು ನೋಡಿ ನಗುತ್ತಿದ್ದೆ. ಆದರೆ ಕಾರಣ ಗೊತ್ತಿದ್ದ ನಾನೂ ಬೆಳಿಗ್ಗೆ ಎದ್ದೊಡನೆ ಮೊದಲು ಅಲ್ಲಿಗೇ ಹೋಗುತ್ತಿದ್ದೆ. ಮಳೆಗಾಲ ಶುರುವಾಯಿತು. ತಿಂಗಳುಗಟ್ಟಲೆ ಗೆರೆಗಳಿಲ್ಲ. ಹೋದವು ಅಂದುಕೊಂಡರೆ, ಒಂದು ದಿನ ಚುರುಕಾದ ಬಿಸಿಲು ಬಂದು ಮಧ್ಯಾಹ್ನದ ಹೊತ್ತಿಗೆ ಮೂರೂ ಹಾಜರು.

ಅಂಥ ಬಿಸಿಲಿನ ದಿನಗಳಲ್ಲಿ ಓಡಿಸುತ್ತಿದ್ದೆ. ಒಮ್ಮೆ ಭಾಯ್‌ನನ್ನು ಹಿಂದೆ ಕೂರಿಸಿಕೊಂಡು ಸಾಗರ ರಸ್ತೆಯಲ್ಲಿ ತ್ಯಾವರೆಕೊಪ್ಪದ ಹುಲಿಧಾಮದ ತನಕ ಹೋಗಿ ಬಂದೆ. "ಈ ಸದ್ದಿಗೆ ಹುಲಿಗಳೆಲ್ಲ ರಾಜೀನಾಮೆ ಬರೀತವೆ" ಎಂದು ಅವನು ಹಿಂದಿನಿಂದ ಕೂಗುತ್ತಿದ್ದ. ಇಳಿದ ಮೇಲೆ ಕೇಳಿದ, "ಆ ಕನ್ನಡಿ ಯಾಕೆ ತಿರುಗ್ಸಿಲ್ಲ ನೀನು? ದಾರಿಯುದ್ದಕ್ಕೂ ನೋಡ್ತಿದೀನಿ, ಅದ್ರಲ್ಲಿ ನಿಂಗೆ ತಲೆನೇ ಇಲ್ಲ."

"ತಿರುಗಿಸ್ತೀನಿ" ಎಂದೆ. ತಿರುಗಿಸಲಿಲ್ಲ. ಆ ಎತ್ತರದಲ್ಲಿ ಇನ್ನೊಬ್ಬರ ಮುಖಕ್ಕೆಂದು ಇಟ್ಟ ಜಾಗ ಅದು. ಅಲ್ಲಿಗೆ ನನ್ನ ಮುಖ ತೂರಿಸುವುದು ಸರಿಯಲ್ಲ ಅನ್ನಿಸುತ್ತಿತ್ತು. ಇಂಜಿನ್ನು ಬಿಸಿಯಾದಾಗ ಎಡಗಾಲಿನ ಮೀನಖಂಡಕ್ಕೆ ಅಲ್ಲಿಂದಲೇ ಶಾಖ ಬಡಿಯುತ್ತಿತ್ತು, ಸಿಲಿಂಡರಿನ ಬುಡದಿಂದ. ಅದು ಶಾಖ, ಅಷ್ಟೇ. ಗೊತ್ತು. ಆದರೆ ಕೆಲವು ಸಲ ಎರಡೂವರೆ ಬೆರಳಿನಷ್ಟೇ ಅಗಲಕ್ಕೆ ಬಡಿದಂತೆ ಅನ್ನಿಸುತ್ತಿತ್ತು.

ಎಸ್‌ಟಿಡಿ ಬೂತಿನಿಂದ ಬೆಂಗಳೂರಿನ ಆ ಹಿರಿಯರಿಗೆ ಫೋನು ಮಾಡಿದ್ದೆ.

"ನಂಬರ್ ಸುತ್ತ ಹೇಗಿದೆ?" ಎಂದರು ಮೊದಲೇ.

"ತರಿ ಹಾಗೇ ಇದೆ ಸಾರ್. ಯಾರೂ ಮುಟ್ಟಿಲ್ಲ. ಮೇಲೆ ಸ್ವಲ್ಪ ಬಿಳೀ ಕಲೆ."

"ಕಲೆ ಇರ್ಲಿ ಬಿಡಿ, ಅದೇ ಒಳ್ಳೇದು. ಪಾಲಿಶ್ ಮಾತ್ರ ಮಾಡ್ಬೇಡಿ. ದಸರಾ ಕಳೀಲಿ, ಶಿವಮೊಗ್ಗಕ್ಕೆ ಬರೋದಿದೆ, ನೋಡ್ತೀನಿ. ನೀವು ಹೇಳಿದ ಹಾಗೇ ಇದ್ರೆ ಈ ಸಲ ನಮ್ಮ ಜೊತೆ ನಿಲ್ಸಿ."

ಬೂತಿನಿಂದ ಹೊರಗೆ ಬಂದು ರಸ್ತೆಯಲ್ಲೇ ಒಬ್ಬನೇ ನಕ್ಕೆ.

ಆಯುಧಪೂಜೆಯ ದಿನ ಆ ಹೆಂಗಸು ಹೊಳೆಹೊನ್ನೂರಿನಿಂದ ಬಸ್ಸಿನಲ್ಲಿ ಬಂದರು. ಕೈಚೀಲದಲ್ಲಿ ಒಂದು ನಿಂಬೆಹಣ್ಣು, ಪೇಪರಿನಲ್ಲಿ ಸುತ್ತಿದ ವಿಭೂತಿ ಉಂಡೆ. ಅಂಗಳದಲ್ಲಿ ಗಾಡಿ ಚೆಂಡು ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಅದರ ಮುಂದೆ ಮಣೆಯ ಮೇಲೆ ನನ್ನ ಸ್ಪ್ಯಾನರುಗಳು, ಅರ, ಲೋಹ ಉಜ್ಜುವ ಎಮರಿ ಕಾಗದ, ಪ್ಲಗ್ಗಿನ ಬ್ರಷ್ಷು, ಎಲ್ಲಕ್ಕೂ ಕುಂಕುಮ. ನಾನು ಏನೆಂದು ಮಾತು ಶುರು ಮಾಡಲಿ ಎಂದು ಒದ್ದಾಡುವಷ್ಟರಲ್ಲಿ ಅಮ್ಮ ಮುಂದೆ ಬಂದಳು.

"ಇವನದ್ದೇನೂ ತಪ್ಪಿಲ್ಲ ಕಣ್ರೀ. ನಾನೇ ತೊಳ್ದೆ. ಹುಣಸೆಹಣ್ಣು ಹಾಕಿ ತಿಕ್ಕಿ ತೊಳ್ದೆ, ಒಂದ್ ಸಲ ಅಲ್ಲ, ಎರಡ್ ಸಲ. ಮೊದ್ಲು ಗೊತ್ತಿರ್ಲಿಲ್ಲ ನಂಗೆ, ಆಮೇಲೆ ಹೆದ್ರಿಕೆಗೆ ತೊಳ್ದೆ. ಆದ್ರೆ…" ಎಂದು ನಿಲ್ಲಿಸಿದಳು. "ಹೋಗ್ತಾ ಇಲ್ಲ. ಬನ್ನಿ, ನೀವೇ ನೋಡಿ."

ಬಿಸಿಲು ಚೆನ್ನಾಗಿತ್ತು. ಅವರು ಗಾಡಿಯ ಎಡಕ್ಕೆ ಕೂತರು. ಬಹಳ ಹೊತ್ತು ನೋಡಿದರು. ತಮ್ಮ ಮೂರು ಬೆರಳನ್ನು ಆ ಮೂರು ಗೆರೆಯ ಮೇಲೆ ಇಟ್ಟರು. ಉಂಗುರದ ಬೆರಳನ್ನು ಅರ್ಧಕ್ಕೆ ಮಡಿಸಿ ಮತ್ತೆ ಇಟ್ಟರು. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ನೋಡಿದರೆ ಮುಖ ಬಿಳಿಚಿತ್ತು.

"ತೊಳೆದ್ರೂ ಹೋಗಿಲ್ವಾ?"

"ಇಲ್ಲ."

"ಎರಡು ಸಲ?"

"ಎರಡು ಸಲ" ಎಂದಳು ಅಮ್ಮ.

"ಹಾಗಾದ್ರೆ ಇಲ್ಲೇ ಇದಾರೆ" ಎಂದರು ಅವರು. ಸುಮ್ಮನೆ ಹೇಳಿದರು, ಬಸ್ಸು ತಪ್ಪಿತು ಎನ್ನುವ ಹಾಗೆ. "ನಾನು ತಿಥಿ ಮಾಡ್ಸಿದೆ, ಕಾವೇರಿಗೂ ಹೋಗಿ ಬಂದೆ. ಹೋಗಿದಾರೆ, ಗುರುತು ಮಾತ್ರ ಬಿಟ್ಟು ಹೋಗಿದಾರೆ ಅಂದ್ಕೊಂಡಿದ್ದೆ. ಹೋಗೇ ಇಲ್ಲ. ಈ ಗಾಡಿ ಹಿಡ್ಕೊಂಡೇ ಕೂತಿದಾರೆ."

ನಾನು ಮಧ್ಯೆ ಬಾಯಿ ಹಾಕಿದೆ. "ಅಮ್ಮಾ, ಅದು ಬರೀ ಕಲೆ. ಬೂದಿ ಅಲ್ಯೂಮಿನಿಯಂ ತಿನ್ನುತ್ತೆ. ಅಷ್ಟೇ."

"ತಿಂದಿದ್ದು ನಿಜ ತಾನೇ ತಂಬಿ? ಅವರ ಬೆರಳನ್ನ ಇದು ತಿಂತು, ಇದನ್ನ ಅವರು ತಿಂದ್ರು. ಸಾಕು. ಇಬ್ರನ್ನೂ ಬಿಡ್ಸಿ." ಅವರು ನನ್ನ ಕಡೆ ತಿರುಗಿದರು. "ನಾನೇ ಒರೆಸ್ಬೇಡಿ ಅಂದಿದ್ದೆ. ನಾನೇ ಹಿಡ್ಕೊಂಡಿದ್ದೆ ಅವರನ್ನ. ಈಗ ನಾನೇ ಹೇಳ್ತಿದೀನಿ. ಉಜ್ಜಿ ತೆಗೀರಿ. ಹೋಗುತ್ತಾ, ಉಜ್ಜಿದ್ರೆ?"

ಎಮರಿ ಕಾಗದದಲ್ಲಿ ಉಜ್ಜಿದರೆ ಹೋಗುತ್ತದೆ. ಖಂಡಿತ ಹೋಗುತ್ತದೆ. ಜೊತೆಗೆ ತರಿಯೂ ಹೋಗುತ್ತದೆ. ನಂಬರಿನ ಸುತ್ತ ಕನ್ನಡಿಯ ಹಾಗೆ ಹೊಳಪು ಬರುತ್ತದೆ. ಅದನ್ನು ಕಂಡ ಯಾವ ತಿಳಿದವನೂ ಇನ್ನೊಂದು ಮಾತು ಕೇಳದೆ ಎದ್ದು ಹೋಗುತ್ತಾನೆ, ನಾನೂ ಹಾಗೇ ಎದ್ದು ಬರುತ್ತಿದ್ದೆ. ಒಮ್ಮೆ ಉಜ್ಜಿದ ಮೇಲೆ ಈ ನಂಬರು ನಿಜವೆಂದು ಜಗತ್ತಿನಲ್ಲಿ ಯಾರಿಗೂ ತೋರಿಸಿಕೊಡಲು ಆಗುವುದಿಲ್ಲ.

"ಇವತ್ತು ಆಗಲ್ಲ" ಎಂದೆ. ಅದು ನೆಪವಲ್ಲ. ಎಮರಿ ಮಣೆಯ ಮೇಲೆ ಪೂಜೆಗೆ ಕೂತಿತ್ತು. ಆಯುಧಪೂಜೆಯ ದಿನ ಪೂಜೆಗಿಟ್ಟದ್ದನ್ನು ಎತ್ತಿ ಕೆಲಸಕ್ಕೆ ಹಚ್ಚುವ ಹಾಗಿಲ್ಲ, ವಿಜಯದಶಮಿ ಬೆಳಿಗ್ಗೆಯೇ ಎತ್ತಬೇಕು. ಅದು ಅವರಿಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಬೆಳಗಿನೊಳಗೆ ಅವರ ಮನಸ್ಸು ಬದಲಾಗಲಿ ಎಂದು ನಾನು ಒಳಗೊಳಗೇ ದೇವರನ್ನು ಬೇಡಿಕೊಂಡೆ.

"ನಾಳೆ ಹೋದ್ರಾಯ್ತು ಬಿಡಿ" ಎಂದಳು ಅಮ್ಮ. ಗಾಡಿಯ ಹತ್ತಿರ ಸುಳಿಯದಿದ್ದವಳು ಅವರ ಕೈ ಹಿಡಿದು ಎಬ್ಬಿಸಿದಳು. "ಇಲ್ಲೇ ಇರಿ ಇವತ್ತು. ಒಬ್ಬಟ್ಟು ಮಾಡಿದೀನಿ."

ಇಬ್ಬರೂ ಅಡುಗೆಮನೆಯಲ್ಲಿ ಮಾತಾಡುತ್ತಿದ್ದರು. ಅಮ್ಮ ಏನೋ ಕೇಳಿದಳು, ಅದಕ್ಕೆ ಅವರು ಹೇಳಿದ್ದು ನಡುಮನೆಯಲ್ಲಿದ್ದ ನನಗೆ ಕೇಳಿತು: "ಸಿಟ್ಟು ಬಂದ್ರೆ ಊಟ ಬಿಡೋರು. ಆದ್ರೆ ಎದ್ದು ಹೋಗ್ತಿರ್ಲಿಲ್ಲ, ತಟ್ಟೆ ಮುಂದೆನೇ ಕೂತಿರೋರು. ನಾನೇ ಹೇಳ್ಬೇಕು, ಆಯ್ತು ಏಳ್ರಿ ಅಂತ. ಅಲ್ಲೀ ತನಕ ಏಳಲ್ಲ." ಅಮ್ಮ ನಕ್ಕಳು. ಅವರೂ ನಕ್ಕರು.

ಬೆಳಿಗ್ಗೆ ಸ್ನಾನ ಮಾಡಿ ಬಂದು ಮಣೆಯಿಂದ ಎಮರಿ ಎತ್ತಿದೆ. ಅವರ ಮನಸ್ಸು ಬದಲಾಗಿರಲಿಲ್ಲ. ಪಕ್ಕದಲ್ಲಿ ಕಾಲು ಮಡಿಸಿ ಕೂತರು, ಅಮ್ಮ ಚೊಂಬಿನಲ್ಲಿ ನೀರು ಹಿಡಿದು ನಿಂತಳು. ಗೆರೆಗಳು ಬಿಸಿಲಿಗೆ ಸುಣ್ಣದಂತೆ ಬೆಳ್ಳಗಿದ್ದವು.

ಮೊದಲ ಗೆರೆಗೆ ಕಾಗದ ಒತ್ತಿದಾಗ ನನ್ನ ಕಣ್ಣು ನಂಬರಿನ ಮೇಲೇ ಇತ್ತು. ಆ ಓರೆ ಅಕ್ಷರ. ಬರ್ಮಿಂಗ್‌ಹ್ಯಾಮಿನಲ್ಲಿ ಯಾವನೋ ಒಬ್ಬ, ಮಧ್ಯಾಹ್ನದ ಊಟದ ಗಂಟೆ ಹೊಡೆಯುವ ಹೊತ್ತಿಗೆ ಅವಸರದಲ್ಲಿ ಸುತ್ತಿಗೆ ಬೀಸಿದ್ದಿರಬೇಕು. ಅವನ ಕೈಯೂ ಇಲ್ಲಿದೆ. ಅದನ್ನು ಮಾತ್ರ ಉಳಿಸಿ ಸುತ್ತಲೂ ಉಜ್ಜೋಣ ಎಂದು ನೋಡಿದೆ, ಆಗಲಿಲ್ಲ. ಗೆರೆ ನಂಬರಿನ ಮೇಲೇ ಹಾದಿತ್ತು. ಉಜ್ಜಿದೆ. ಅಮ್ಮ ನೀರು ಬಿಟ್ಟಳು. ಬೂದು ನೀರು ಇಳಿಯಿತು. ಒಂದು ಹೋಯಿತು. ಎರಡು ಹೋಯಿತು.

ಅರ್ಧ ಗೆರೆಗೆ ಬಂದಾಗ ಅವರು ಮುಂದೆ ಬಾಗಿದರು. ತಡೆಯುತ್ತಾರೆ ಎಂದುಕೊಂಡು ಕೈ ನಿಲ್ಲಿಸಿದೆ.

ಅವರು ಗಾಡಿಗೆ ಹೇಳಿದರು, ಮನೆಯೊಳಗೆ ಹೇಳುವ ದನಿಯಲ್ಲಿ, "ಆಯ್ತು. ಏಳ್ರಿ."

ಉಜ್ಜಿದೆ. ಒಣಗುವ ತನಕ ಮೂವರೂ ಅಲ್ಲೇ ಕೂತಿದ್ದೆವು. ಬಿಸಿಲು ಏರಿತು. ಏನೂ ಏಳಲಿಲ್ಲ. ಅವರು ವಿಭೂತಿ ಉಂಡೆಯನ್ನು ಬಿಚ್ಚದೆ ಹಾಗೇ ಚೀಲಕ್ಕೆ ಹಾಕಿಕೊಂಡರು. ಬಸ್ಸು ಹತ್ತಿಸಲು ಹೊರಟಾಗ ಗಾಡಿಯಲ್ಲಿ ಬಿಡುತ್ತೇನೆ ಎಂದೆ. "ಬೇಡ ತಂಬಿ, ಆಟೋ ಹಿಡೀರಿ" ಎಂದರು.

ದಸರಾ ಕಳೆದು ಬೆಂಗಳೂರಿನ ಹಿರಿಯರು ಬಂದರು. ಟ್ಯಾಂಕು ತಟ್ಟಿ ತಲೆಯಾಡಿಸಿದರು. ಕಿಕ್ಕರು ಒತ್ತಿ ಹುಬ್ಬೇರಿಸಿದರು. ಕತ್ತಿನ ನಂಬರು ನೋಡಿ "ಚೆನ್ನಾಗಿದೆ ರೀ" ಎಂದರು. ಆಮೇಲೆ ಎಡಕ್ಕೆ ಬಂದು, ಕನ್ನಡಕ ಏರಿಸಿ, ಬಗ್ಗಿದರು. ಹೆಬ್ಬೆರಳು ಆಡಿಸಿದರು. ಒಂದೇ ಸಲ. ಇಡೀ ಇಂಜಿನ್ನಿನಲ್ಲಿ ಆ ಜಾಗವೊಂದೇ ಥಳಥಳ.

"ನೀವು ಫೋನಲ್ಲಿ ಬೇರೆ ಹೇಳಿದ್ರಲ್ಲ?"

ನಡೆದದ್ದು ಹೇಳಿದರೆ ಕಥೆ ಅನ್ನುತ್ತಾರೆ. ನಾನೇ ಅವರ ಜಾಗದಲ್ಲಿದ್ದರೂ ಹಾಗೇ ಅನ್ನುತ್ತಿದ್ದೆ.

"ಹುಡುಗ್ರು ನೀವು" ಎಂದರು ಅವರು ಎದ್ದು, ಕರ್ಚೀಫಿನಲ್ಲಿ ಹೆಬ್ಬೆರಳು ಒರೆಸಿಕೊಳ್ಳುತ್ತಾ. ಸಿಟ್ಟಿಲ್ಲ, ಬೇಸರ. "ನಂಬರ್ ಹೊಡ್ಸೋ ಕೆಲಸಕ್ಕೆಲ್ಲ ಹೋಗ್ಬಾರ್ದು." ಅಮ್ಮ ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು, ನಮಸ್ಕಾರ ಹೇಳಿ, ಹೋದರು.

ಅಮ್ಮ ಲೋಟ ತೆಗೆದುಕೊಂಡು ಹೋಗಲು ಬಂದಳು. "ಏನಂತೆ?"

"ಬೇಡ್ವಂತೆ."

"ಯಾಕಂತೆ?"

"ತುಂಬಾ ಹೊಳೀತಿದೆ ಅಂತೆ."

ಅವಳು ಲೋಟ ಹಿಡಿದುಕೊಂಡೇ ಗಾಡಿಯ ಎಡಕ್ಕೆ ಹೋಗಿ, ಬಗ್ಗಿ ನೋಡಿದಳು. ಸೆರಗಿನ ತುದಿಯಿಂದ ಆ ಹೆಬ್ಬೆರಳಿನ ಗುರುತು ಒರೆಸಿದಳು. ನಾನು ಗಾಡಿ ಹತ್ತಿ ಕೂತೆ. ಕನ್ನಡಿಯಲ್ಲಿ ಕತ್ತು, ಎದೆ. ಕೈ ಎತ್ತಿ ತಿರುಗಿಸಿದೆ. ಇಷ್ಟು ದಿನ ಮುಟ್ಟದೆ ಬಿಟ್ಟಿದ್ದದ್ದು ಸುಲಭವಾಗಿ ತಿರುಗಿತು.